ಸ್ಥಳೀಯ ತೆರಿಗೆ ಪ್ರೋತ್ಸಾಹಗಳಿಗೆ ಮತದಾರರ ಅನುಮೋದನೆ

ಸ್ಥಳೀಯ ತೆರಿಗೆ ಪ್ರೋತ್ಸಾಹಗಳಿಗೆ ಮತದಾರರ ಅನುಮೋದನೆ ಎಂಬುದು, ನಗರ ಅಥವಾ ಕೌಂಟಿಯಂತಹ ಸ್ಥಳೀಯ ಸರ್ಕಾರವು ಅಭಿವೃದ್ಧಿ ಯೋಜನೆಯೊಂದಕ್ಕಾಗಿ ತನಗೆ ಬರಬೇಕಾದ ತೆರಿಗೆಯನ್ನು ಬಿಟ್ಟುಕೊಡುವ ಅಥವಾ ಮುಂದೆ ಬರಲಿರುವ ತೆರಿಗೆಯನ್ನು ಮುಡಿಪಾಗಿಡುವ ಮೊದಲು ಆ ಪ್ರದೇಶದ ಮತದಾರರ ಒಪ್ಪಿಗೆಯನ್ನು ಪಡೆಯಬೇಕೆಂಬ ಕಾನೂನು ನಿಯಮವಾಗಿದೆ. ಒಪ್ಪಿಗೆಯನ್ನು ಸಾಮಾನ್ಯವಾಗಿ ಜನಮತಗಣನೆಯ ಮೂಲಕ ಪಡೆಯಲಾಗುತ್ತದೆ.

ಈ ನಿಯಮವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಳಕೆಯಲ್ಲಿದೆ. ಅಲ್ಲಿಯೂ ಇದಕ್ಕೆ ದೇಶವ್ಯಾಪಿಯಾದ ಒಂದೇ ಕಾನೂನು ಇಲ್ಲ. ಕೆಲವೆಡೆ ಇದು ರಾಜ್ಯದ ಸಂವಿಧಾನದಲ್ಲಿದೆ, ಕೆಲವೆಡೆ ರಾಜ್ಯದ ಶಾಸನದಲ್ಲಿದೆ, ಇನ್ನು ಕೆಲವೆಡೆ ಮತದಾರರೇ ಸಹಿ ಸಂಗ್ರಹಿಸಿ ತಮ್ಮ ನಗರದ ಅಥವಾ ಕೌಂಟಿಯ ಕಾನೂನಿಗೆ ಸೇರಿಸಿದ್ದಾರೆ. ಬಹುತೇಕ ರಾಜ್ಯಗಳಲ್ಲಿ ಚುನಾಯಿತ ಮಂಡಳಿಯ ನಿರ್ಣಯವೇ ಸಾಕಾಗುತ್ತದೆ. ಮತದಾರರನ್ನು ಕೇಳಬೇಕೇ ಎಂಬ ಪ್ರಶ್ನೆಯಷ್ಟೇ, ಅವರನ್ನು ಯಾವ ಹಂತದಲ್ಲಿ ಕೇಳಬೇಕು ಮತ್ತು ಎಷ್ಟು ಬಹುಮತ ಬೇಕು ಎಂಬ ಪ್ರಶ್ನೆಗಳೂ ಪ್ರಾಯೋಗಿಕವಾಗಿ ಮಹತ್ವದ್ದಾಗಿವೆ.

## ತೆರಿಗೆ ಪ್ರೋತ್ಸಾಹಗಳ ಸ್ವರೂಪ

ಅಮೆರಿಕದ ಸ್ಥಳೀಯ ಸರ್ಕಾರಗಳ ಸ್ವಂತ ಆದಾಯದಲ್ಲಿ ಆಸ್ತಿ ತೆರಿಗೆಗೆ ದೊಡ್ಡ ಪಾಲಿದೆ. ಒಂದೇ ಆಸ್ತಿಯ ಮೇಲೆ ನಗರ, ಕೌಂಟಿ, ಶಾಲಾ ಜಿಲ್ಲೆ, ಅಗ್ನಿಶಾಮಕ ಜಿಲ್ಲೆ ಮೊದಲಾದ ಹಲವು ಸಂಸ್ಥೆಗಳು ತಮ್ಮ ತಮ್ಮ ದರದಲ್ಲಿ ತೆರಿಗೆ ವಿಧಿಸುತ್ತವೆ. ಹೀಗಾಗಿ ಒಂದು ನಗರವು ನೀಡುವ ತೆರಿಗೆ ಪ್ರೋತ್ಸಾಹವು ಆ ನಗರದ ಬೊಕ್ಕಸವನ್ನು ಮಾತ್ರವಲ್ಲದೆ ಶಾಲೆಗಳ ಆದಾಯವನ್ನೂ ತಟ್ಟಬಹುದು. ಪ್ರೋತ್ಸಾಹಗಳಲ್ಲಿ ಎರಡು ಬಗೆಗಳು ಪ್ರಮುಖವಾಗಿವೆ.

ಮೊದಲನೆಯದು ತೆರಿಗೆ ವಿನಾಯಿತಿ. ಹೊಸ ಕಾರ್ಖಾನೆ, ಗೋದಾಮು ಅಥವಾ ಕಚೇರಿ ಕಟ್ಟುವ ಸಂಸ್ಥೆಗೆ ನಿರ್ದಿಷ್ಟ ವರ್ಷಗಳವರೆಗೆ ಆಸ್ತಿ ತೆರಿಗೆಯನ್ನು ಪೂರ್ಣವಾಗಿ ಅಥವಾ ಭಾಗಶಃ ಬಿಟ್ಟುಕೊಡಲಾಗುತ್ತದೆ.

ಎರಡನೆಯದು ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್, ಅಂದರೆ ಹೆಚ್ಚುವರಿ ತೆರಿಗೆಯನ್ನು ಆಧರಿಸಿದ ಹಣಕಾಸು ವ್ಯವಸ್ಥೆ. ಇದನ್ನು ಸಂಕ್ಷೇಪವಾಗಿ ಟಿಫ್ ಎನ್ನುತ್ತಾರೆ. ಇದರಲ್ಲಿ ನಗರವು ಒಂದು ಪ್ರದೇಶವನ್ನು ಗುರುತಿಸಿ, ಆ ದಿನದ ಆಸ್ತಿ ಮೌಲ್ಯವನ್ನು ಮೂಲ ಮೌಲ್ಯವೆಂದು ನಿಗದಿಪಡಿಸುತ್ತದೆ. ಮುಂದಿನ ಹಲವು ವರ್ಷಗಳವರೆಗೆ, ಸಾಮಾನ್ಯವಾಗಿ ಎರಡು ದಶಕ ಅಥವಾ ಅದಕ್ಕೂ ಹೆಚ್ಚು ಕಾಲ, ಮೂಲ ಮೌಲ್ಯದ ಮೇಲಿನ ತೆರಿಗೆ ಮಾತ್ರ ಎಂದಿನ ಸಂಸ್ಥೆಗಳಿಗೆ ಹೋಗುತ್ತದೆ. ಮೌಲ್ಯ ಏರಿದ್ದರಿಂದ ಬರುವ ಹೆಚ್ಚುವರಿ ತೆರಿಗೆಯು ಅಭಿವೃದ್ಧಿ ನಿಧಿಗೆ ಸೇರುತ್ತದೆ. ಆ ನಿಧಿಯಿಂದ ರಸ್ತೆ, ಒಳಚರಂಡಿ, ವಾಹನ ನಿಲ್ದಾಣಗಳನ್ನು ನಿರ್ಮಿಸಲಾಗುತ್ತದೆ ಅಥವಾ ಖಾಸಗಿ ನಿರ್ಮಾಣಗಾರರ ವೆಚ್ಚವನ್ನು ಭರಿಸಲಾಗುತ್ತದೆ. ಅನೇಕ ವೇಳೆ ನಿರೀಕ್ಷಿತ ಹೆಚ್ಚುವರಿ ತೆರಿಗೆಯನ್ನೇ ಆಧಾರವಾಗಿ ತೋರಿಸಿ ಮುಂಚಿತವಾಗಿ ಬಾಂಡ್‌ಗಳ ಮೂಲಕ ಸಾಲ ಎತ್ತಲಾಗುತ್ತದೆ.

ಉದಾಹರಣೆಗೆ, ಒಂದು ಪ್ರದೇಶದ ಮೂಲ ಮೌಲ್ಯ 10 ಕೋಟಿ ಡಾಲರ್, ಎಲ್ಲ ಸಂಸ್ಥೆಗಳ ಒಟ್ಟು ತೆರಿಗೆ ದರ ಶೇ. 2 ಎಂದು ಭಾವಿಸಬಹುದು. ಆಗ ವಾರ್ಷಿಕ ತೆರಿಗೆ 20 ಲಕ್ಷ ಡಾಲರ್. ಕೆಲವು ವರ್ಷಗಳ ನಂತರ ಮೌಲ್ಯವು 16 ಕೋಟಿ ಡಾಲರ್‌ಗೆ ಏರಿದರೆ ಒಟ್ಟು ತೆರಿಗೆ 32 ಲಕ್ಷವಾಗುತ್ತದೆ. ಇದರಲ್ಲಿ ಹಳೆಯ 20 ಲಕ್ಷ ಎಂದಿನಂತೆ ಹಂಚಿಕೆಯಾಗಿ, 12 ಲಕ್ಷ ಡಾಲರ್ ಅಭಿವೃದ್ಧಿ ನಿಧಿಗೆ ಹೋಗುತ್ತದೆ. ತೆರಿಗೆ ದರದ ಅರ್ಧ ಭಾಗ ಶಾಲಾ ಜಿಲ್ಲೆಯದಾಗಿದ್ದರೆ, ಆ 12 ಲಕ್ಷದಲ್ಲಿ 6 ಲಕ್ಷವು ಶಾಲೆಗಳ ಪಾಲಿನದಾಗಿರುತ್ತದೆ.

ಯೋಜನೆಯೇ ಇಲ್ಲದಿದ್ದರೆ ಈ ಏರಿಕೆಯೂ ಇರುತ್ತಿರಲಿಲ್ಲ ಎಂಬುದು ಟಿಫ್‌ನ ಮೂಲ ಸಮರ್ಥನೆ. ಆದರೆ ಮೇಲಿನ ಉದಾಹರಣೆಯಲ್ಲಿ ಹಣದುಬ್ಬರ ಹಾಗೂ ಊರಿನ ಸಹಜ ಬೆಳವಣಿಗೆಯಿಂದಲೇ ಮೌಲ್ಯವು ಒಂದೂವರೆ ಕೋಟಿಯಷ್ಟು ಏರುತ್ತಿದ್ದರೆ, ಹೇಗಿದ್ದರೂ ಬರಲಿದ್ದ 3 ಲಕ್ಷ ಡಾಲರ್ ತೆರಿಗೆಯೂ ಅಭಿವೃದ್ಧಿ ನಿಧಿಯ ಪಾಲಾಗುತ್ತದೆ. ಯಾವ ಭಾಗ ಯೋಜನೆಯ ಫಲ, ಯಾವ ಭಾಗ ಸಹಜ ಬೆಳವಣಿಗೆ ಎಂಬುದನ್ನು ಮುಂಗಡವಾಗಿ ಅಳೆಯುವುದು ಕಷ್ಟ. ಈ ನಿರ್ಣಯವನ್ನು ಯಾರು ಮಾಡಬೇಕು ಎಂಬ ವಿವಾದದಿಂದಲೇ ಮತದಾರರ ಅನುಮೋದನೆಯ ಬೇಡಿಕೆ ಹುಟ್ಟಿಕೊಂಡಿದೆ.

## ಇತಿಹಾಸ

ಸಾರ್ವಜನಿಕ ಸಾಲಕ್ಕೆ ಮತದಾರರ ಒಪ್ಪಿಗೆ ಬೇಕೆಂಬ ತತ್ವವು ಟಿಫ್‌ಗಿಂತ ಬಹಳ ಹಳೆಯದು. 19ನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ರಾಜ್ಯಗಳು ಕಾಲುವೆ, ರೈಲುಮಾರ್ಗ ಮತ್ತು ಬ್ಯಾಂಕುಗಳಿಗಾಗಿ ಭಾರಿ ಸಾಲ ಮಾಡಿದವು. 1837ರ ಆರ್ಥಿಕ ಕುಸಿತದ ನಂತರ, 1840ರ ದಶಕದ ಆರಂಭದಲ್ಲಿ ಎಂಟು ರಾಜ್ಯಗಳೂ ಆಗ ಇನ್ನೂ ರಾಜ್ಯವಾಗಿರದ ಫ್ಲಾರಿಡಾ ಪ್ರಾಂತವೂ ಸಾಲ ತೀರಿಸಲಾಗದೆ ಕೈಚೆಲ್ಲಿದವು. ಈ ಅನುಭವದ ಹಿನ್ನೆಲೆಯಲ್ಲಿ ನ್ಯೂಯಾರ್ಕ್ ರಾಜ್ಯದ 1846ರ ಸಂವಿಧಾನವು ರಾಜ್ಯದ ಹೊಸ ಸಾಲಗಳಿಗೆ ಮತದಾರರ ಅನುಮೋದನೆಯನ್ನು ಕಡ್ಡಾಯಗೊಳಿಸಿತು. ಇತರ ರಾಜ್ಯಗಳೂ ಇಂತಹ ನಿಯಮಗಳನ್ನು ಅಳವಡಿಸಿಕೊಂಡವು. ರೈಲ್ವೆ ಕಂಪನಿಗಳನ್ನು ತಮ್ಮೂರಿಗೆ ಸೆಳೆಯಲು ನಗರಗಳು ಮತ್ತು ಕೌಂಟಿಗಳು ಪೈಪೋಟಿಯಿಂದ ಬಾಂಡ್ ಹೊರಡಿಸಿ ಸೋತ ಬಳಿಕ, ಸ್ಥಳೀಯ ಸಾಲಗಳಿಗೂ ಮಿತಿ ಹಾಗೂ ಮತದಾನದ ನಿಬಂಧನೆಗಳು ಬಂದವು. ಸಾರ್ವಜನಿಕ ಹಣವನ್ನು ಖಾಸಗಿ ಸಂಸ್ಥೆಗಳಿಗೆ ದಾನ ಮಾಡುವುದನ್ನು ಹಲವು ರಾಜ್ಯಗಳ ಸಂವಿಧಾನಗಳು ನಿಷೇಧಿಸಿದವು.

20ನೆಯ ಶತಮಾನದಲ್ಲಿ ಉದ್ದಿಮೆಗಳನ್ನು ಆಕರ್ಷಿಸುವ ಸಂಘಟಿತ ಕಾರ್ಯಕ್ರಮಗಳು ಆರಂಭವಾದಾಗ ಮತದಾನದ ನಿಯಮವೂ ಅವುಗಳ ಜೊತೆಗೇ ಬಂದಿತು. ಮಿಸಿಸಿಪ್ಪಿ ರಾಜ್ಯವು 1936ರಲ್ಲಿ, ಹ್ಯೂ ವೈಟ್ ಅವರು ಗವರ್ನರ್ ಆಗಿದ್ದಾಗ, ಕೃಷಿಯ ಜೊತೆ ಕೈಗಾರಿಕೆಯನ್ನು ಸಮತೋಲನಗೊಳಿಸುವ ಕಾರ್ಯಕ್ರಮವನ್ನು ಜಾರಿಗೆ ತಂದಿತು. ಇದರಂತೆ ಸ್ಥಳೀಯ ಸರ್ಕಾರಗಳು ಬಾಂಡ್ ಮೂಲಕ ಹಣ ಎತ್ತಿ ಕಾರ್ಖಾನೆ ಕಟ್ಟಡಗಳನ್ನು ನಿರ್ಮಿಸಿ ಖಾಸಗಿ ಕಂಪನಿಗಳಿಗೆ ಬಾಡಿಗೆಗೆ ಕೊಡಬಹುದಾಗಿತ್ತು. ಆದರೆ ಅದಕ್ಕೂ ಮೊದಲು ಸ್ಥಳೀಯ ಚುನಾವಣೆಯಲ್ಲಿ ಮತದಾರರ ಒಪ್ಪಿಗೆ ಪಡೆಯಬೇಕಾಗಿತ್ತು.

ಟಿಫ್ ವ್ಯವಸ್ಥೆಯು ಕ್ಯಾಲಿಫೋರ್ನಿಯಾದಲ್ಲಿ 1952ರ ಸಂವಿಧಾನ ತಿದ್ದುಪಡಿಯ ಮೂಲಕ ಆರಂಭವಾಯಿತು. ಕ್ರಮೇಣ ಬಹುತೇಕ ಎಲ್ಲ ರಾಜ್ಯಗಳೂ ಇದನ್ನು ಅಳವಡಿಸಿಕೊಂಡವು. ಅರಿಜೋನಾ ಇದಕ್ಕೆ ಪ್ರಮುಖ ಅಪವಾದ. ಟಿಫ್ ಬಾಂಡ್‌ಗಳು ನಗರದ ಸಾಮಾನ್ಯ ಬೊಕ್ಕಸದ ಮೇಲಿನ ಸಾಲವಲ್ಲ, ವಿಶೇಷ ನಿಧಿಯೊಂದರಿಂದ ಮಾತ್ರ ತೀರಿಸಬೇಕಾದ ಬಾಧ್ಯತೆ ಎಂಬ ವಾದವನ್ನು ಅನೇಕ ನ್ಯಾಯಾಲಯಗಳು ಒಪ್ಪಿದವು. ಇದರಿಂದ 19ನೆಯ ಶತಮಾನದ ಮತದಾನದ ನಿಯಮಗಳು ಟಿಫ್ ಸಾಲಗಳಿಗೆ ಅನ್ವಯವಾಗದೆ ಹೋದವು.

## ಅನುಮೋದನೆಯ ವಿಧಗಳು

ಮತದಾರರ ಪಾತ್ರವು ಯಾವ ಹಂತದಲ್ಲಿ ಬರುತ್ತದೆ ಎಂಬುದರ ಆಧಾರದ ಮೇಲೆ ಈ ನಿಯಮಗಳನ್ನು ನಾಲ್ಕು ಬಗೆಗಳಾಗಿ ವಿಂಗಡಿಸಬಹುದು.

* ಅಧಿಕಾರಕ್ಕೆ ಅನುಮೋದನೆ: ಪ್ರೋತ್ಸಾಹ ನೀಡುವ ಅಧಿಕಾರವನ್ನು ಸ್ಥಳೀಯ ಸರ್ಕಾರಕ್ಕೆ ಕೊಡಬೇಕೇ ಎಂದು ಮತದಾರರನ್ನು ಒಮ್ಮೆ ಕೇಳಲಾಗುತ್ತದೆ. ನಂತರದ ಪ್ರತ್ಯೇಕ ಯೋಜನೆಗಳನ್ನು ಮಂಡಳಿಯೇ ನಿರ್ಧರಿಸುತ್ತದೆ.
* ಯೋಜನೆಗೆ ಅನುಮೋದನೆ: ಪ್ರತಿಯೊಂದು ಯೋಜನೆ ಅಥವಾ ಪ್ರದೇಶವನ್ನೂ ಮತಕ್ಕೆ ಹಾಕಬೇಕು. ಕೆಲವೆಡೆ ನಿರ್ದಿಷ್ಟ ಮೊತ್ತವನ್ನು ಮೀರಿದ ಯೋಜನೆಗಳಿಗೆ ಮಾತ್ರ ಇದು ಅನ್ವಯಿಸುತ್ತದೆ.
* ಸಾಲಕ್ಕೆ ಅನುಮೋದನೆ: ಯೋಜನೆಯನ್ನು ಮಂಡಳಿ ಅಂಗೀಕರಿಸಬಹುದಾದರೂ, ಅದಕ್ಕಾಗಿ ಬಾಂಡ್ ಹೊರಡಿಸಲು ಮತದಾರರ ಒಪ್ಪಿಗೆ ಬೇಕು.
* ಬೇಡಿಕೆಯ ಮೇರೆಗೆ ಮತದಾನ: ಮಂಡಳಿಯ ನಿರ್ಣಯವೇ ಅಂತಿಮವಾದರೂ, ನಿಗದಿತ ಅವಧಿಯೊಳಗೆ ಸಾಕಷ್ಟು ಮತದಾರರು ಸಹಿ ಮಾಡಿ ಆಕ್ಷೇಪಿಸಿದರೆ ಮಾತ್ರ ಅದು ಮತದಾನಕ್ಕೆ ಹೋಗುತ್ತದೆ.

## ರಾಜ್ಯಗಳಲ್ಲಿನ ಅನುಭವ

### ಕ್ಯಾಲಿಫೋರ್ನಿಯಾ

ಮತದಾನದ ನಿಯಮವು ಅಭಿವೃದ್ಧಿಯ ಗತಿಯ ಮೇಲೆ ಬೀರುವ ಪ್ರಭಾವಕ್ಕೆ ಕ್ಯಾಲಿಫೋರ್ನಿಯಾ ಸ್ಪಷ್ಟವಾದ ಉದಾಹರಣೆಯಾಗಿದೆ. ಅಲ್ಲಿನ ಪುನರಭಿವೃದ್ಧಿ ಸಂಸ್ಥೆಗಳು ಮತದಾರರನ್ನು ಕೇಳದೆಯೇ ಹೆಚ್ಚುವರಿ ಆಸ್ತಿ ತೆರಿಗೆಯನ್ನು ಪಡೆದು ಅದರ ಮೇಲೆ ಸಾಲ ಎತ್ತಬಹುದಾಗಿತ್ತು. 1978ರಲ್ಲಿ 13ನೆಯ ಪ್ರಸ್ತಾವವು ಆಸ್ತಿ ತೆರಿಗೆಗೆ ಮಿತಿ ಹೇರಿ, ಸ್ಥಳೀಯ ವಿಶೇಷ ತೆರಿಗೆಗಳಿಗೆ ಮೂರನೆಯ ಎರಡರಷ್ಟು ಬಹುಮತ ಬೇಕೆಂದು ವಿಧಿಸಿತು. ಆ ನಂತರ ಮತದಾನವಿಲ್ಲದೆ ಹಣ ಒದಗಿಸುವ ಪುನರಭಿವೃದ್ಧಿ ವ್ಯವಸ್ಥೆಯು ನಗರಗಳಿಗೆ ಇನ್ನಷ್ಟು ಆಕರ್ಷಕವಾಯಿತು. 2011ರ ಹೊತ್ತಿಗೆ ರಾಜ್ಯದಲ್ಲಿ ಸುಮಾರು 400 ಪುನರಭಿವೃದ್ಧಿ ಸಂಸ್ಥೆಗಳಿದ್ದು, ಒಟ್ಟು ಆಸ್ತಿ ತೆರಿಗೆಯ ಸುಮಾರು ಶೇ. 12ರಷ್ಟು ಅವುಗಳ ಪಾಲಾಗುತ್ತಿತ್ತು. ಇದರಿಂದ ಶಾಲೆಗಳಿಗೆ ಆಗುತ್ತಿದ್ದ ಕೊರತೆಯ ಬಹುಭಾಗವನ್ನು ರಾಜ್ಯ ಸರ್ಕಾರವೇ ತುಂಬಿಕೊಡಬೇಕಾಗಿತ್ತು.

ತೀವ್ರ ಆಯವ್ಯಯ ಬಿಕ್ಕಟ್ಟಿನ ನಡುವೆ, 2011ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಅವರ ಸಲಹೆಯಂತೆ ಶಾಸಕಾಂಗವು ಈ ಸಂಸ್ಥೆಗಳನ್ನು ರದ್ದುಪಡಿಸುವ ಕಾನೂನನ್ನು ಅಂಗೀಕರಿಸಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2011ರ ಡಿಸೆಂಬರ್ 29ರಂದು ಅದನ್ನು ಎತ್ತಿಹಿಡಿಯಿತು. 2012ರ ಫೆಬ್ರವರಿ 1ರಂದು ಸಂಸ್ಥೆಗಳು ಕೊನೆಗೊಂಡವು.

ಇದಕ್ಕೆ ವ್ಯತಿರಿಕ್ತವಾಗಿ, 1990ರಲ್ಲಿ ರೂಪಿಸಲಾದ ಮೂಲಸೌಕರ್ಯ ಹಣಕಾಸು ಜಿಲ್ಲೆಗಳ ಕಾನೂನು ಮೂರನೆಯ ಎರಡರಷ್ಟು ಮತಗಳ ಒಪ್ಪಿಗೆಯನ್ನು ವಿಧಿಸಿತ್ತು. ಪುನರಭಿವೃದ್ಧಿಯ ಸುಲಭ ಮಾರ್ಗ ಪಕ್ಕದಲ್ಲೇ ಇದ್ದುದರಿಂದ ಇಂತಹ ಜಿಲ್ಲೆಗಳು ಎರಡು ದಶಕಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ರಚನೆಯಾದವು. 2014ರಲ್ಲಿ ಸುಧಾರಿತ ಮೂಲಸೌಕರ್ಯ ಹಣಕಾಸು ಜಿಲ್ಲೆಗಳ ಕಾನೂನು ಬಂದಾಗ, ಜಿಲ್ಲೆಯ ರಚನೆಗೆ ಮತದಾನ ಬೇಕಿಲ್ಲವೆಂದೂ ಬಾಂಡ್ ಹೊರಡಿಸಲು ಮಾತ್ರ ಶೇ. 55ರಷ್ಟು ಮತ ಬೇಕೆಂದೂ ನಿಯಮ ಸಡಿಲವಾಯಿತು. ಶಾಲೆಗಳ ತೆರಿಗೆ ಪಾಲನ್ನು ಈ ಜಿಲ್ಲೆಗಳು ಬಳಸುವಂತಿಲ್ಲ. 2019ರಲ್ಲಿ ಬಾಂಡ್ ಕುರಿತ ಮತದಾನವನ್ನೂ ತೆಗೆದುಹಾಕಿ, ಸಾರ್ವಜನಿಕ ವಿಚಾರಣೆ ಹಾಗೂ ಆಕ್ಷೇಪಣೆಯ ಕ್ರಮವನ್ನು ತರಲಾಯಿತು. ಇದರಂತೆ ಪ್ರದೇಶದ ಭೂಮಾಲೀಕರು ಮತ್ತು ವಯಸ್ಕ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಕ್ಷೇಪಿಸಿದರೆ ಯೋಜನೆ ನಿಲ್ಲುತ್ತದೆ, ಶೇ. 25ರಿಂದ 50ರಷ್ಟು ಮಂದಿ ಆಕ್ಷೇಪಿಸಿದರೆ ಚುನಾವಣೆ ನಡೆಸಬೇಕಾಗುತ್ತದೆ.

### ಫ್ಲಾರಿಡಾ

ಫ್ಲಾರಿಡಾದಲ್ಲಿ ಎರಡು ಬಗೆಯ ಪ್ರೋತ್ಸಾಹಗಳಿಗೆ ಎರಡು ಬೇರೆ ನಿಯಮಗಳಿವೆ. ಹೊಸ ಅಥವಾ ವಿಸ್ತರಣೆಗೊಳ್ಳುವ ಉದ್ದಿಮೆಗಳಿಗೆ ಆಸ್ತಿ ತೆರಿಗೆ ವಿನಾಯಿತಿ ನೀಡಲು ನಗರ ಅಥವಾ ಕೌಂಟಿಯು ಜನಮತಗಣನೆಯಲ್ಲಿ ಅಧಿಕಾರ ಪಡೆಯಬೇಕೆಂದು ರಾಜ್ಯದ ಸಂವಿಧಾನ ಹೇಳುತ್ತದೆ. ಮಂಡಳಿಯು ತಾನಾಗಿಯೇ ಅಥವಾ ಶೇ. 10ರಷ್ಟು ನೋಂದಾಯಿತ ಮತದಾರರ ಮನವಿಯ ಮೇರೆಗೆ ಮತದಾನ ನಡೆಸಬಹುದು. ಹೀಗೆ ದೊರೆತ ಅಧಿಕಾರವು 10 ವರ್ಷಗಳವರೆಗೆ ಇರುತ್ತದೆ. ಮುಂದುವರಿಸಬೇಕಾದರೆ ಮತ್ತೆ ಮತದಾರರ ಬಳಿಗೆ ಹೋಗಬೇಕು. ಆ ಅವಧಿಯಲ್ಲಿ ಯಾವ ಸಂಸ್ಥೆಗೆ ಎಷ್ಟು ವಿನಾಯಿತಿ ಎಂಬುದನ್ನು ಮಂಡಳಿ ನಿರ್ಧರಿಸುತ್ತದೆ.

ಟಿಫ್ ಬಾಂಡ್‌ಗಳ ವಿಷಯದಲ್ಲಿ ಪರಿಸ್ಥಿತಿ ಬೇರೆಯಾಗಿದೆ. ಆಸ್ತಿ ತೆರಿಗೆಯಿಂದ ತೀರಿಸುವ, 12 ತಿಂಗಳಿಗಿಂತ ಹೆಚ್ಚು ಅವಧಿಯ ಸ್ಥಳೀಯ ಬಾಂಡ್‌ಗಳಿಗೆ ಮತದಾರರ ಒಪ್ಪಿಗೆ ಬೇಕೆಂದು ಸಂವಿಧಾನ ವಿಧಿಸುತ್ತದೆ. ಆದರೆ 1980ರಲ್ಲಿ ಮಯಾಮಿ ಬೀಚ್ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಈ ನಿಬಂಧನೆ ಟಿಫ್ ಬಾಂಡ್‌ಗಳಿಗೆ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. 2007ರ ಸೆಪ್ಟೆಂಬರ್‌ನಲ್ಲಿ ಎಸ್ಕಾಂಬಿಯಾ ಕೌಂಟಿಯ ರಸ್ತೆ ಯೋಜನೆಯೊಂದರ ಬಾಂಡ್‌ಗಳನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಅದೇ ನ್ಯಾಯಾಲಯವು ತನ್ನ ಹಳೆಯ ನಿಲುವನ್ನು ಬಿಟ್ಟು, ಟಿಫ್ ಬಾಂಡ್‌ಗಳಿಗೂ ಮತದಾನ ಬೇಕೆಂದು ಹೇಳಿತು. ಮರುವಿಚಾರಣೆಯ ನಂತರ, 2008ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯವು ಆ ತೀರ್ಪನ್ನು ಹಿಂಪಡೆದು 1980ರ ನಿಲುವಿಗೆ ಮರಳಿತು.

### ಜಾರ್ಜಿಯಾ

ಜಾರ್ಜಿಯಾದ 1985ರ ಪುನರಭಿವೃದ್ಧಿ ಅಧಿಕಾರ ಕಾನೂನಿನ ಪ್ರಕಾರ, ನಗರ ಅಥವಾ ಕೌಂಟಿಯು ಟಿಫ್ ಬಳಸುವ ಮೊದಲು ರಾಜ್ಯ ಶಾಸಕಾಂಗದ ಸ್ಥಳೀಯ ಕಾಯ್ದೆಯೊಂದು ಬೇಕು ಮತ್ತು ಆ ಕಾಯ್ದೆಯನ್ನು ಸ್ಥಳೀಯ ಮತದಾರರು ಒಪ್ಪಬೇಕು. ಇದು ಅಧಿಕಾರಕ್ಕೆ ನೀಡುವ ಅನುಮೋದನೆಯಾಗಿದ್ದು, ನಂತರ ರಚಿಸುವ ಪ್ರತಿ ಪ್ರದೇಶಕ್ಕೂ ಮತದಾನ ಬೇಕಿಲ್ಲ. ಕೌಂಟಿ ಮತ್ತು ಶಾಲಾ ಮಂಡಳಿಗಳು ತಮ್ಮ ತೆರಿಗೆ ಪಾಲನ್ನು ಸೇರಿಸಬೇಕೇ ಎಂಬುದನ್ನು ಪ್ರತ್ಯೇಕವಾಗಿ ನಿರ್ಧರಿಸುತ್ತವೆ.

ಅಟ್ಲಾಂಟಾ ನಗರವು ಹಳೆಯ ರೈಲುಮಾರ್ಗಗಳ ಸುತ್ತ ಉದ್ಯಾನ, ಕಾಲುದಾರಿ ಹಾಗೂ ವಸತಿ ನಿರ್ಮಿಸುವ ಬೆಲ್ಟ್‌ಲೈನ್ ಯೋಜನೆಗಾಗಿ 2005ರಲ್ಲಿ ಇಂತಹ ಪ್ರದೇಶವೊಂದನ್ನು ರಚಿಸಿತು. ಶಾಲಾ ತೆರಿಗೆಯನ್ನು ಶಿಕ್ಷಣೇತರ ಉದ್ದೇಶಕ್ಕೆ ಬಳಸುವುದು ಸಂವಿಧಾನಬಾಹಿರವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2008ರ ಫೆಬ್ರವರಿಯಲ್ಲಿ ತೀರ್ಪು ನೀಡಿದ್ದರಿಂದ ಯೋಜನೆಯ ಹಣಕಾಸಿಗೆ ಪೆಟ್ಟು ಬಿದ್ದಿತು. ಅದೇ ವರ್ಷದ ನವೆಂಬರ್‌ನಲ್ಲಿ ರಾಜ್ಯದ ಮತದಾರರು ಸಂವಿಧಾನ ತಿದ್ದುಪಡಿಯನ್ನು ಒಪ್ಪಿ, ಶಾಲಾ ತೆರಿಗೆಯ ಬಳಕೆಗೆ ಮತ್ತೆ ಅವಕಾಶ ಕಲ್ಪಿಸಿದರು.

### ಉತ್ತರ ಕ್ಯಾರೊಲಿನಾ

ಉತ್ತರ ಕ್ಯಾರೊಲಿನಾದಲ್ಲಿ ಮತದಾನವಿಲ್ಲದೆ ಟಿಫ್ ಬಾಂಡ್ ಹೊರಡಿಸಲು ಅನುವು ಮಾಡುವ ಸಂವಿಧಾನ ತಿದ್ದುಪಡಿಯನ್ನು ಮತದಾರರು 1982ರಲ್ಲಿ ಮತ್ತು 1993ರಲ್ಲಿ ತಿರಸ್ಕರಿಸಿದರು. 2004ರಲ್ಲಿ ಮೂರನೆಯ ಬಾರಿ ಮಂಡಿಸಿದಾಗ ಅದು ಅಲ್ಪ ಅಂತರದಿಂದ ಅಂಗೀಕಾರವಾಯಿತು. ಹೀಗೆ ಮುಂದಿನ ಯೋಜನೆಗಳಲ್ಲಿ ತಮ್ಮನ್ನು ಕೇಳಬೇಕಾಗಿಲ್ಲವೆಂಬುದಕ್ಕೆ ಮತದಾರರೇ ಒಪ್ಪಿಗೆ ನೀಡಿದಂತಾಯಿತು. ಈ ಅಧಿಕಾರವನ್ನು ಮೊದಲು ಬಳಸಿದವುಗಳಲ್ಲಿ ರೋನೋಕ್ ರಾಪಿಡ್ಸ್ ಎಂಬ ಸಣ್ಣ ನಗರವೂ ಒಂದು. ಅಲ್ಲಿ ಸಂಗೀತ ರಂಗಮಂದಿರವೊಂದನ್ನು ಕಟ್ಟಿ 2007ರಲ್ಲಿ ತೆರೆಯಲಾಯಿತು. ನಿರೀಕ್ಷಿಸಿದಷ್ಟು ಪ್ರೇಕ್ಷಕರೂ ಬರಲಿಲ್ಲ, ಸುತ್ತಲಿನ ಬೆಳವಣಿಗೆಯೂ ಆಗಲಿಲ್ಲ. ಸಾಲದ ಹೊರೆ ನಗರದ ಮೇಲೆಯೇ ಉಳಿಯಿತು.

### ಕೊಲರಾಡೊ ಮತ್ತು ಓರೆಗಾನ್

ಕೊಲರಾಡೊದ ಮತದಾರರು 1992ರಲ್ಲಿ ಅಂಗೀಕರಿಸಿದ ತೆರಿಗೆದಾರರ ಹಕ್ಕುಗಳ ತಿದ್ದುಪಡಿಯು ಹೊಸ ತೆರಿಗೆ ಮತ್ತು ಬಹುವರ್ಷದ ಸಾಲಗಳಿಗೆ ಮತದಾನವನ್ನು ಕಡ್ಡಾಯಗೊಳಿಸಿತು. ಆದರೆ ನಗರ ನವೀಕರಣ ಪ್ರಾಧಿಕಾರಗಳು ಈ ತಿದ್ದುಪಡಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅಲ್ಲಿನ ನ್ಯಾಯಾಲಯಗಳು ಅರ್ಥೈಸಿದವು. ಇದರಿಂದ ಅಸಮಾಧಾನಗೊಂಡ ಕೆಲವು ನಗರಗಳ ನಿವಾಸಿಗಳು ಸ್ಥಳೀಯ ಮಟ್ಟದಲ್ಲಿಯೇ ನಿಯಮ ರೂಪಿಸಲು ಮುಂದಾದರು. ಡೆನ್ವರ್ ಬಳಿಯ ಲಿಟಲ್‌ಟನ್ ನಗರದ ಮತದಾರರು 2015ರ ಮಾರ್ಚ್‌ನಲ್ಲಿ, ಟಿಫ್ ಬಳಸುವ ನಗರ ನವೀಕರಣ ಯೋಜನೆಗಳಿಗೆ ಮತದಾರರ ಒಪ್ಪಿಗೆ ಬೇಕೆಂಬ ಪ್ರಸ್ತಾವವನ್ನು ಅಂಗೀಕರಿಸಿದರು. ಅದೇ ವರ್ಷ ರಾಜ್ಯ ಶಾಸಕಾಂಗವು ಕೌಂಟಿ, ಶಾಲಾ ಜಿಲ್ಲೆ ಮತ್ತು ವಿಶೇಷ ಜಿಲ್ಲೆಗಳಿಗೆ ನವೀಕರಣ ಪ್ರಾಧಿಕಾರಗಳಲ್ಲಿ ಪ್ರಾತಿನಿಧ್ಯ ನೀಡುವ ಕಾನೂನನ್ನು ತಂದಿತು.

ಓರೆಗಾನ್ ರಾಜ್ಯದಲ್ಲಿ ನಗರ ನವೀಕರಣ ಯೋಜನೆಗಳನ್ನು ತುರ್ತು ಸ್ವರೂಪದ್ದಲ್ಲದ ಉಪವಿಧಿಯ ಮೂಲಕವೇ ಅಂಗೀಕರಿಸಬೇಕು. ಅಂದರೆ ಅದು ಜಾರಿಯಾಗುವ ಮೊದಲು ಸಹಿ ಸಂಗ್ರಹಿಸಿ ಮತದಾನಕ್ಕೆ ಒಯ್ಯಲು ನಾಗರಿಕರಿಗೆ ಕಾಲಾವಕಾಶ ಇರುತ್ತದೆ. ಪೋರ್ಟ್‌ಲೆಂಡ್‌ಗೆ ಹೊಂದಿಕೊಂಡಿರುವ ಕ್ಲಾಕಮಸ್ ಕೌಂಟಿಯ ಮತದಾರರು 2011ರಲ್ಲಿ ಇನ್ನೂ ಮುಂದೆ ಹೋಗಿ, ಕೌಂಟಿಯು ರಚಿಸುವ ಹೊಸ ನವೀಕರಣ ಪ್ರದೇಶಗಳಿಗೆ ಕೌಂಟಿವ್ಯಾಪಿ ಮತದಾನವನ್ನು ಕಡ್ಡಾಯಗೊಳಿಸಿದರು.

### ಟೆಕ್ಸಾಸ್ ಮತ್ತು ನೆಬ್ರಾಸ್ಕಾ

ಈ ಎರಡು ರಾಜ್ಯಗಳಲ್ಲಿ ಸ್ಥಳೀಯ ತೆರಿಗೆಯಿಂದ ನಡೆಯುವ ಆರ್ಥಿಕ ಅಭಿವೃದ್ಧಿ ನಿಧಿಗಳಿಗೆ ಮತದಾರರ ಒಪ್ಪಿಗೆ ಬೇಕು. ಟೆಕ್ಸಾಸ್‌ನಲ್ಲಿ 1989 ಮತ್ತು 1991ರಲ್ಲಿ ಅಧಿಕಾರ ನೀಡಲಾದ ಎರಡು ಬಗೆಯ ಅಭಿವೃದ್ಧಿ ಮಾರಾಟ ತೆರಿಗೆಗಳನ್ನು ವಿಧಿಸಲು ಸ್ಥಳೀಯ ಚುನಾವಣೆ ನಡೆಸಬೇಕು. ನೆಬ್ರಾಸ್ಕಾದ 1991ರ ಕಾನೂನಿನಂತೆ ನಗರವು ತನ್ನ ಅಭಿವೃದ್ಧಿ ಕಾರ್ಯಕ್ರಮದ ರೂಪುರೇಷೆಯನ್ನು ಸಿದ್ಧಪಡಿಸಿ ಅದನ್ನು ಮತದಾರರ ಮುಂದಿಡಬೇಕು. ಇಲ್ಲಿ ಮತದಾರರು ಒಪ್ಪುವುದು ಕಾರ್ಯಕ್ರಮವನ್ನೇ ಹೊರತು ಯಾವುದೇ ಒಂದು ಕಂಪನಿಯ ಯೋಜನೆಯನ್ನಲ್ಲ.

## ಕ್ರೀಡಾಂಗಣಗಳ ಕುರಿತ ಮತದಾನಗಳು

ತೆರಿಗೆ ಹಣದಿಂದ ವೃತ್ತಿಪರ ಕ್ರೀಡಾಂಗಣಗಳನ್ನು ನಿರ್ಮಿಸುವ ಪ್ರಸ್ತಾವಗಳು ಮತದಾನದ ಪ್ರಶ್ನೆಯನ್ನು ಪದೇ ಪದೇ ಮುನ್ನೆಲೆಗೆ ತಂದಿವೆ. ಮಿನಿಯಾಪೊಲಿಸ್ ನಗರದ ಮತದಾರರು 1997ರಲ್ಲಿ ನಗರದ ಸನ್ನದಿಗೆ ತಿದ್ದುಪಡಿ ತಂದು, ವೃತ್ತಿಪರ ಕ್ರೀಡಾ ಸೌಲಭ್ಯಕ್ಕೆ ನಗರವು 1 ಕೋಟಿ ಡಾಲರ್‌ಗಿಂತ ಹೆಚ್ಚು ವೆಚ್ಚ ಮಾಡಬೇಕಾದರೆ ಮತದಾನ ಬೇಕೆಂದು ವಿಧಿಸಿದರು. ಆದರೆ 2012ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದ ಹೊಸ ಕ್ರೀಡಾಂಗಣಕ್ಕಾಗಿ ರಾಜ್ಯ ಶಾಸಕಾಂಗವು ಮಾಡಿದ ಕಾನೂನು ಈ ನಿಬಂಧನೆಯನ್ನು ಬದಿಗಿರಿಸಿತು. ನಗರ ಮಂಡಳಿಯು 7–6 ಮತಗಳಿಂದ ಒಪ್ಪಿಗೆ ನೀಡಿತು. ಮತದಾನ ನಡೆಯಲಿಲ್ಲ. ನಗರದ ಕಾನೂನಿನಲ್ಲಿರುವ ಮತದಾನದ ಹಕ್ಕನ್ನು ರಾಜ್ಯದ ಕಾನೂನು ಮೀರಬಲ್ಲದು ಎಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸಬಹುದು.

ಅರಿಜೋನಾದ ಟೆಂಪಿ ನಗರದಲ್ಲಿ ಇದಕ್ಕೆ ವಿರುದ್ಧವಾದ ಪರಿಣಾಮ ಉಂಟಾಯಿತು. ಅರಿಜೋನಾ ಕಯೋಟೀಸ್ ಹಾಕಿ ತಂಡವು ನಗರದ ಹಳೆಯ ಕಸ ಸುರಿಯುವ 46 ಎಕರೆ ಜಾಗದಲ್ಲಿ ಕ್ರೀಡಾಂಗಣ, ವಸತಿ ಮತ್ತು ಮಳಿಗೆಗಳನ್ನು ಒಳಗೊಂಡ ಸುಮಾರು 210 ಕೋಟಿ ಡಾಲರ್ ವೆಚ್ಚದ ಯೋಜನೆಯನ್ನು ಮಂಡಿಸಿತ್ತು. ಒಪ್ಪಂದದಲ್ಲಿ ಆಸ್ತಿ ತೆರಿಗೆ ರಿಯಾಯಿತಿಯೂ ಸೇರಿತ್ತು. ನಗರ ಮಂಡಳಿ ಒಪ್ಪಿದ್ದರೂ, 2023ರ ಮೇ 16ರಂದು ನಡೆದ ಮತದಾನದಲ್ಲಿ ಯೋಜನೆಗೆ ಸಂಬಂಧಿಸಿದ ಮೂರು ಪ್ರಸ್ತಾವಗಳೂ ಸೋತವು. ಮರುವರ್ಷ ತಂಡದ ಆಟಗಾರರು ಹಾಗೂ ಕ್ರೀಡಾ ಸಿಬ್ಬಂದಿ ಸಾಲ್ಟ್ ಲೇಕ್ ಸಿಟಿಗೆ ಸ್ಥಳಾಂತರಗೊಂಡರು.

## ಪರ ಮತ್ತು ವಿರೋಧ ವಾದಗಳು

ಮತದಾರರ ಅನುಮೋದನೆಯನ್ನು ಬೆಂಬಲಿಸುವವರು ಮುಂದಿಡುವ ವಾದಗಳು ಹೀಗಿವೆ. ತೆರಿಗೆ ಬಿಟ್ಟುಕೊಡುವುದು ನೇರ ವೆಚ್ಚದಷ್ಟೇ ಪರಿಣಾಮಕಾರಿಯಾದರೂ ವಾರ್ಷಿಕ ಆಯವ್ಯಯದಲ್ಲಿ ಕಾಣುವುದಿಲ್ಲ. ಎರಡು ದಶಕಗಳಷ್ಟು ದೀರ್ಘವಾದ ಬದ್ಧತೆಯನ್ನು ನಾಲ್ಕು ವರ್ಷಗಳಿಗೆ ಆಯ್ಕೆಯಾದ ಸದಸ್ಯರಷ್ಟೇ ನಿರ್ಧರಿಸುವುದು ಉಚಿತವಲ್ಲ. ಹೊಸ ಉದ್ದಿಮೆಯ ಉದ್ಘಾಟನೆಯ ಶ್ರೇಯಸ್ಸು ತಕ್ಷಣ ದೊರೆಯುತ್ತದೆ, ಆದರೆ ತೆರಿಗೆ ನಷ್ಟವು ಮುಂದಿನ ಆಡಳಿತದ ಮತ್ತು ಶಾಲೆಗಳ ಮೇಲೆ ಬೀಳುತ್ತದೆ. ಮತದಾನವಿದೆ ಎಂಬ ಅರಿವೇ ನಗರಗಳು ನಿರ್ಮಾಣಗಾರರೊಂದಿಗೆ ಹೆಚ್ಚು ಬಿಗಿಯಾಗಿ ವ್ಯವಹರಿಸುವಂತೆ ಮಾಡುತ್ತದೆ ಎಂದೂ ಅವರು ಹೇಳುತ್ತಾರೆ.

ವಿರೋಧಿಸುವವರ ಪ್ರಕಾರ, ಬಾಂಡ್ ಅವಧಿ, ಬಡ್ಡಿ, ಮೌಲ್ಯದ ಅಂದಾಜುಗಳಂತಹ ತಾಂತ್ರಿಕ ವಿಷಯಗಳನ್ನು ಹೌದು ಅಥವಾ ಇಲ್ಲ ಎಂಬ ಒಂದೇ ಪ್ರಶ್ನೆಗೆ ಇಳಿಸುವುದು ಸರಿಯಲ್ಲ. ಚುನಾವಣೆಯವರೆಗೆ ಕಾಯುವುದರಿಂದ ಹೂಡಿಕೆ ಪಕ್ಕದ ಊರಿಗೆ ಹೋಗಬಹುದು. ಬೇರೆ ಸಮಯದಲ್ಲಿ ನಡೆಯುವ ವಿಶೇಷ ಚುನಾವಣೆಗಳಲ್ಲಿ ಮತದಾನದ ಪ್ರಮಾಣ ಕಡಿಮೆಯಿರುವುದರಿಂದ ಸಣ್ಣ ಗುಂಪಿನ ಅಭಿಪ್ರಾಯವೇ ಅಂತಿಮವಾಗಬಹುದು. ದೊಡ್ಡ ಸಂಸ್ಥೆಗಳು ಪ್ರಚಾರಕ್ಕೆ ಹಣ ಸುರಿಯಬಲ್ಲವು. ಸಣ್ಣ, ಆದರೆ ಅಗತ್ಯವಾದ ವಸತಿ ಯೋಜನೆಗಳಿಗೆ ಆ ಶಕ್ತಿ ಇರುವುದಿಲ್ಲ. ಶಿಥಿಲಗೊಂಡ ಬಡ ಬಡಾವಣೆಯ ಯೋಜನೆಯನ್ನು ಇಡೀ ನಗರದ ಮತಕ್ಕೆ ಹಾಕಿದಾಗ ಇತರ ಬಡಾವಣೆಗಳು ಅದನ್ನು ತಿರಸ್ಕರಿಸುವ ಸಾಧ್ಯತೆಯೂ ಇದೆ.

## ಸಂಶೋಧನೆ

ಈ ಚರ್ಚೆಯಲ್ಲಿ ಪ್ರೋತ್ಸಾಹಗಳ ನಿಜವಾದ ಫಲದ ಕುರಿತ ಅಧ್ಯಯನಗಳಿಗೂ ಸ್ಥಾನವಿದೆ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಡೈ ಮತ್ತು ಡೇವಿಡ್ ಮೆರಿಮನ್ ಅವರು 2000ರಲ್ಲಿ ಪ್ರಕಟಿಸಿದ ಇಲಿನಾಯ್ ರಾಜ್ಯದ ಅಧ್ಯಯನದಲ್ಲಿ, ಟಿಫ್ ಅಳವಡಿಸಿಕೊಂಡ ನಗರಗಳು ಅಳವಡಿಸಿಕೊಳ್ಳದ ನಗರಗಳಿಗಿಂತ ನಿಧಾನವಾಗಿ ಬೆಳೆದಿದ್ದು ಕಂಡುಬಂದಿತು. ಮೆರಿಮನ್ ಅವರ 2018ರ ವರದಿಯು ಹಲವು ಅಧ್ಯಯನಗಳನ್ನು ಪರಿಶೀಲಿಸಿ, ಬಹುತೇಕ ಸಂದರ್ಭಗಳಲ್ಲಿ ಟಿಫ್ ತನ್ನ ಅಭಿವೃದ್ಧಿಯ ಗುರಿಯನ್ನು ಸಾಧಿಸಿಲ್ಲವೆಂದು ಅಭಿಪ್ರಾಯಪಟ್ಟಿತು. ಟಿಮತಿ ಬಾರ್ಟಿಕ್ ಅವರ 2018ರ ಅಧ್ಯಯನದ ಅಂದಾಜಿನಂತೆ, ಪ್ರೋತ್ಸಾಹ ಪಡೆದ ಸಂಸ್ಥೆಗಳಲ್ಲಿ ಶೇ. 2ರಿಂದ 25ರಷ್ಟು ಮಾತ್ರ ಆ ಪ್ರೋತ್ಸಾಹದ ಕಾರಣದಿಂದ ತಮ್ಮ ನೆಲೆಯನ್ನು ನಿರ್ಧರಿಸಿದವು. ಉಳಿದವು ಪ್ರೋತ್ಸಾಹವಿಲ್ಲದಿದ್ದರೂ ಅದೇ ನಿರ್ಧಾರ ಕೈಗೊಳ್ಳುತ್ತಿದ್ದವು.

## ಇತರ ನಿಯಂತ್ರಣ ಕ್ರಮಗಳು

ಮತದಾನವೊಂದೇ ನಿಯಂತ್ರಣದ ಮಾರ್ಗವಲ್ಲ. ಶಾಲಾ ಜಿಲ್ಲೆ ಹಾಗೂ ಕೌಂಟಿಗಳಿಗೆ ತಮ್ಮ ಪಾಲನ್ನು ಉಳಿಸಿಕೊಳ್ಳುವ ಹಕ್ಕು, ಟಿಫ್ ಪ್ರದೇಶದ ವಿಸ್ತೀರ್ಣ ಮತ್ತು ಅವಧಿಗೆ ಮಿತಿ, ಭರವಸೆಯಂತೆ ಉದ್ಯೋಗ ಸೃಷ್ಟಿಸದ ಸಂಸ್ಥೆಯಿಂದ ಹಣ ಮರಳಿ ಪಡೆಯುವ ಷರತ್ತು ಮೊದಲಾದವು ಬಳಕೆಯಲ್ಲಿವೆ. ಸರ್ಕಾರಿ ಲೆಕ್ಕಪತ್ರ ಮಾನದಂಡಗಳನ್ನು ರೂಪಿಸುವ ಅಮೆರಿಕದ ಮಂಡಳಿಯು 2015ರಲ್ಲಿ ಹೊರಡಿಸಿದ 77ನೆಯ ಮಾನದಂಡದಂತೆ, ತೆರಿಗೆ ರಿಯಾಯಿತಿಗಳಿಂದಾದ ಆದಾಯ ನಷ್ಟವನ್ನು ಸ್ಥಳೀಯ ಸರ್ಕಾರಗಳು ವಾರ್ಷಿಕ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ತಿಳಿಸಬೇಕು. ಡೆಟ್ರಾಯಿಟ್ ನಗರದ ಮತದಾರರು 2016ರಲ್ಲಿ ಒಪ್ಪಿದ ಉಪವಿಧಿಯ ಪ್ರಕಾರ, ನಿಗದಿತ ಪ್ರಮಾಣದ ಸಾರ್ವಜನಿಕ ನೆರವು ಪಡೆಯುವ ದೊಡ್ಡ ಯೋಜನೆಗಳ ನಿರ್ಮಾಣಗಾರರು ನೆರೆಹೊರೆಯ ನಿವಾಸಿಗಳ ಸಲಹಾ ಮಂಡಳಿಯೊಂದಿಗೆ ಸಮುದಾಯಕ್ಕೆ ದೊರೆಯಬೇಕಾದ ಅನುಕೂಲಗಳ ಬಗ್ಗೆ ಮಾತುಕತೆ ನಡೆಸಬೇಕು.

## ಭಾರತದ ಸಂದರ್ಭ

ಭಾರತದಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2017ರಲ್ಲಿ ಪ್ರಕಟಿಸಿದ ಮೌಲ್ಯವರ್ಧನೆ ಆಧಾರಿತ ಹಣಕಾಸು ನೀತಿಯ ಚೌಕಟ್ಟು, ಮೂಲಸೌಕರ್ಯಕ್ಕೆ ಹಣ ಹೊಂದಿಸುವ ವಿಧಾನಗಳಲ್ಲಿ ಟಿಫ್ ಅನ್ನೂ ಹೆಸರಿಸಿದೆ. ಆದರೆ ತೆರಿಗೆ ನಿರ್ಣಯಗಳಿಗೆ ಮತದಾರರ ನೇರ ಒಪ್ಪಿಗೆ ಪಡೆಯುವ ಪದ್ಧತಿ ಇಲ್ಲಿಲ್ಲ. ಸಂವಿಧಾನದ 243ಎಕ್ಸ್ ವಿಧಿಯಂತೆ ನಗರಸಭೆಗಳ ತೆರಿಗೆ ಅಧಿಕಾರವನ್ನು ರಾಜ್ಯ ಶಾಸಕಾಂಗ ನಿರ್ಧರಿಸುತ್ತದೆ. ಕರ್ನಾಟಕದಲ್ಲಿಯೂ ಉದ್ದಿಮೆಗಳಿಗೆ ನೀಡುವ ರಿಯಾಯಿತಿಗಳು ಮುಖ್ಯವಾಗಿ ರಾಜ್ಯ ಸರ್ಕಾರದ ಕೈಗಾರಿಕಾ ನೀತಿಯ ಮೂಲಕ ಬರುತ್ತವೆ. ಅಭಿವೃದ್ಧಿ ಯೋಜನೆಗೆ ಜನರ ಒಪ್ಪಿಗೆಯನ್ನು ಎಣಿಸುವ ನಿಯಮ ಭೂಸ್ವಾಧೀನದ ವಿಷಯದಲ್ಲಿದೆ. 2013ರ ಕೇಂದ್ರ ಕಾಯ್ದೆಯ ಪ್ರಕಾರ ಖಾಸಗಿ ಯೋಜನೆಗಳಿಗೆ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟು, ಸಾರ್ವಜನಿಕ–ಖಾಸಗಿ ಸಹಭಾಗಿತ್ವದ ಯೋಜನೆಗಳಿಗೆ ಶೇ. 70ರಷ್ಟು ಒಪ್ಪಿಗೆ ಬೇಕು. ಇದು ಭೂಮಿ ಕಳೆದುಕೊಳ್ಳುವವರ ಒಪ್ಪಿಗೆಯೇ ಹೊರತು ತೆರಿಗೆ ಕಟ್ಟುವ ಎಲ್ಲ ಮತದಾರರ ಒಪ್ಪಿಗೆಯಲ್ಲ.